ಕಪ್ಪು ಪ್ಲಾಸ್ಟಿಕ್ ಮೇಲೆ ಉಳಿದ ವ್ಯಾಕ್ಸ್: ಪೆಟ್ರೋಲ್ ಬೇಡ, ಮೊದಲು ಮಕ್ಕಳ ರಬ್ಬರ್ ತಗೊಳ್ಳಿ

ಅಣ್ಣಾ, ನಿಮ್ಮ ಫೋಟೋ ನೋಡಿದೆ. ಭಾನುವಾರ ಮನೆ ಮುಂದೆ ನೀವೇ ಬ್ರೆಝಾ ಕಾರಿಗೆ ವ್ಯಾಕ್ಸ್ (ಹೊಳಪಿಗೆ ಹಚ್ಚೋ ಮೇಣ) ಹಚ್ಚಿದ್ದೀರಿ. ಚಕ್ರದ ಮೇಲಿನ ಕ್ಲಾಡಿಂಗ್‌ಗೂ, ಅಂದರೆ ಕಪ್ಪು ಪ್ಲಾಸ್ಟಿಕ್ ಪಟ್ಟಿಗೂ, ಬಂಪರ್ ಅಂಚಿಗೂ ತಾಗಿ ಬಿಳಿ ಬಿಳಿ ಉಳಿದಿದೆ. ಎರಡು ಸಲ ಶಾಂಪೂ ಹಾಕಿ ತೊಳೆದಿದ್ದೀರಿ. ಒದ್ದೆ ಇದ್ದಾಗ ಕಪ್ಪಗೆ ಕಾಣುತ್ತೆ, ಒಣಗಿದರೆ ಮತ್ತೆ ಅದೇ ಬಿಳುಪು ಅಂತ ಬರೆದಿದ್ದೀರಿ. ಹೆದರಬೇಡಿ, ಹೋಗುತ್ತೆ. ಮೇಲಿನ ಕಾಮೆಂಟಲ್ಲಿ ಒಬ್ಬರು ಪೆಟ್ರೋಲ್ ಹಾಕಿ ಅಂದಿದ್ದಾರೆ, ಇನ್ನೊಬ್ಬರು ಥಿನ್ನರ್ ಅಂದಿದ್ದಾರೆ. ಅವೆರಡನ್ನೂ ದಯವಿಟ್ಟು ಮಾಡಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಆ ಬಿಳುಪು ಏನು ಅಂತ ಖಚಿತ ಮಾಡಿಕೊಳ್ಳಿ. ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಉಗುರಿನಲ್ಲಿ ಸುಣ್ಣದಂಥ ಪುಡಿ ಬಂತಾ? ಹಾಗಾದರೆ ಅದು ವ್ಯಾಕ್ಸ್. ಹನಿ ಹನಿಯಾಗಿ, ದುಂಡಗೆ ಕಲೆ ಇದ್ದರೆ ಅದು ಬೋರ್ ನೀರಿನ ಕಲೆ. ನಮ್ಮ ಕಡೆ ಗಡಸು ನೀರಲ್ಲಿ ತೊಳೆದು ಬಿಸಿಲಲ್ಲೇ ಒಣಗಲು ಬಿಟ್ಟರೆ ಇದು ಗ್ಯಾರಂಟಿ. ಅದಕ್ಕೆ ನೀರು ಬೆರೆಸಿದ ವಿನಿಗರ್ ಸಾಕು. ಬಿಸಿಲು ಬೀಳುವ ಕಡೆ ಪೂರ್ತಿ ಒಂದೇ ಸಮ ಬೂದಿ ಬಣ್ಣ ಆಗಿದ್ದರೆ ಪ್ಲಾಸ್ಟಿಕ್ಕೇ ಬೆಳ್ಳಗಾಗಿದೆ ಅಂತ ಅರ್ಥ, ಅದರ ದಾರಿ ಬೇರೆ. ನಿಮ್ಮ ಫೋಟೋದಲ್ಲಿ ಬಟ್ಟೆ ತಿರುಗಿಸಿದ ಗುರುತು ಅರ್ಧಚಂದ್ರದ ಹಾಗೆ ಕಾಣುತ್ತಿದೆ. ಅದು ವ್ಯಾಕ್ಸೇ.

ಶಾಂಪೂಗೆ ಯಾಕೆ ಹೋಗಲ್ಲ ಅಂದರೆ, ಬಣ್ಣದ ಮೇಲಿನ ವ್ಯಾಕ್ಸ್ ಉಳಿಯಲಿ ಅಂತಲೇ ಒಳ್ಳೆಯ ಕಾರ್ ಶಾಂಪೂ ಮಾಡಿರುತ್ತಾರೆ. ಇನ್ನೊಂದು, ಈ ಪ್ಲಾಸ್ಟಿಕ್ ಬಣ್ಣದ ಹಾಗೆ ನುಣುಪಲ್ಲ. ಹತ್ತಿರದಿಂದ ನೋಡಿ, ಕಿತ್ತಳೆ ಸಿಪ್ಪೆ ಹಾಗೆ ಸಣ್ಣ ಸಣ್ಣ ಗುಳಿಗಳಿವೆ. ಬಟ್ಟೆ ಉಬ್ಬಿನ ಮೇಲೆ ಮಾತ್ರ ಓಡಾಡುತ್ತೆ, ಗುಳಿಯೊಳಗೆ ಇಳಿಯಲ್ಲ. ಎಷ್ಟೋ ವ್ಯಾಕ್ಸ್, ಪಾಲಿಷ್‌ಗಳಲ್ಲಿ ಉಜ್ಜುವ ನುಣ್ಣನೆ ಪುಡಿಯೂ ಇರುತ್ತೆ. ಅದೇ ಗುಳಿಯಲ್ಲಿ ಒಣಗಿ ಬೆಳ್ಳಗೆ ಕೂತಿದೆ. ಹಾಗಾಗಿ ಬಲ ಹಾಕಿ ಉಜ್ಜಿ ಉಪಯೋಗವಿಲ್ಲ. ಮೆತ್ತಗೆ ಮಾಡಬೇಕು, ಗುಳಿಯಿಂದ ಎಬ್ಬಿಸಬೇಕು, ಎದ್ದ ಕೂಡಲೇ ಒರೆಸಿ ತೆಗೆಯಬೇಕು. ಮೂರನೆಯದನ್ನೇ ಎಲ್ಲರೂ ಮರೆಯೋದು.

ಬೆಳಗ್ಗೆ ಬಿಸಿಲೇರುವ ಮುಂಚೆ, ನೆರಳಲ್ಲಿ ಶುರು ಮಾಡಿ. ಮುಟ್ಟಿದರೆ ಪ್ಲಾಸ್ಟಿಕ್ ತಣ್ಣಗಿರಬೇಕು. ಮೊದಲು ಬರೀ ನೀರು ಬಿಟ್ಟು ಧೂಳು ಕಳೆಯಿರಿ. ದಾವಣಗೆರೆಯಿಂದ ಒಂದು ಸಲ ಹಿರಿಯೂರಿನ ತನಕ ಹೈವೇಲಿ ಹೋಗಿಬಂದರೆ ಕ್ಲಾಡಿಂಗ್ ಮೇಲೆ ಎಷ್ಟು ಧೂಳು ಕೂತಿರುತ್ತೆ ಅಂತ ನಿಮಗೇ ಗೊತ್ತು. ಅದರ ಮೇಲೇ ಉಜ್ಜಿದರೆ ಗೀರು ಬೀಳುತ್ತೆ.

ಚೂರು ಪಾರು ಕಲೆಗೆ, ಅಂಚಿಗೆ, ಮಕ್ಕಳು ಪೆನ್ಸಿಲ್ ಅಳಿಸುವ ಮೆತ್ತನೆ ಬಿಳಿ ರಬ್ಬರ್ ಸಾಕು. ಒಣಗಿದ ಪ್ಲಾಸ್ಟಿಕ್ ಮೇಲೆ ಒಂದೇ ದಿಕ್ಕಿಗೆ ಸಣ್ಣ ಸಣ್ಣದಾಗಿ ಎಳೆಯಿರಿ. ರಬ್ಬರಿನ ಚೂರು ಶ್ಯಾವಿಗೆ ಹಾಗೆ ಸುತ್ತಿಕೊಂಡು ಬೀಳುತ್ತೆ, ಗುಳಿಯಲ್ಲಿದ್ದ ಬಿಳುಪು ಅದರ ಜೊತೆ ಹೊರಗೆ ಬರುತ್ತೆ. ಬ್ಯಾಡ್ಜ್ ಸುತ್ತ, ಡೋರ್ ಬೀಡಿಂಗ್ (ಬಾಗಿಲಂಚಿನ ರಬ್ಬರ್ ಪಟ್ಟಿ) ಪಕ್ಕ ಇದಕ್ಕಿಂತ ಒಳ್ಳೆ ಉಪಾಯ ನಾನು ಕಂಡಿಲ್ಲ. ಬಣ್ಣಕ್ಕೆ ಮಾತ್ರ ತಾಗಿಸಬೇಡಿ.

ನಿಮ್ಮದು ಜಾಸ್ತಿ ಜಾಗ ಇದೆ, ರಬ್ಬರ್ ಒಂದೇ ಸಾಲಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್ ತನ್ನಿ, ಐಪಿಎ ಅಂತ ಕೇಳಿದರೂ ಗೊತ್ತಾಗುತ್ತೆ. ಅದಕ್ಕೆ ಅಷ್ಟೇ ನೀರು ಬೆರೆಸಿ. ಪಕ್ಕದ ಬಣ್ಣದ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಇಲ್ಲದಿದ್ದರೆ ಅಲ್ಲಿ ಹಚ್ಚಿದ ವ್ಯಾಕ್ಸೂ ಹೋಗುತ್ತೆ. ಬಂಪರ್ ಕೆಳಗೆ, ಕಣ್ಣಿಗೆ ಬೀಳದ ಕಡೆ ಒಂದು ಸಲ ಹಚ್ಚಿ ನೋಡಿ. ಸರಿ ಇದ್ದರೆ ಮೆತ್ತನೆ ಟೂತ್ ಬ್ರಷ್ ಅದರಲ್ಲಿ ಅದ್ದಿ, ಒಂದು ಅಂಗೈಯಷ್ಟು ಜಾಗ ಮಾತ್ರ ತಗೊಂಡು ದುಂಡಗೆ ಉಜ್ಜಿ. ಹತ್ತಿಪ್ಪತ್ತು ಸುತ್ತಿಗೆ ಬ್ರಷ್ ಬುಡದಲ್ಲಿ ನೀರು ಮಜ್ಜಿಗೆ ಹಾಗೆ ಬೆಳ್ಳಗಾಗುತ್ತೆ. ಅದೇ ಗುಳಿಯಿಂದ ಎದ್ದ ಪುಡಿ. ಆಗ ನಿಲ್ಲಿಸಿ, ಒದ್ದೆ ಮೈಕ್ರೋಫೈಬರ್ ಬಟ್ಟೆ ಒತ್ತಿ ಎತ್ತಿಕೊಳ್ಳಿ. ಫೋನ್ ಬಂತು ಅಂತ ಎದ್ದು ಹೋದರೆ ಐಪಿಎ ಹಾರಿಹೋಗಿ ಪುಡಿ ಮತ್ತೆ ಅದೇ ಗುಳಿಯಲ್ಲಿ ಕೂರುತ್ತೆ. ಬಟ್ಟೆಯ ಮಗ್ಗುಲು ಬದಲಿಸುತ್ತಾ ಇರಿ. ಒಂದೇ ಜಾಗಕ್ಕೆ ಎರಡು ಮೂರು ಸಲ ಬೇಕಾಗಬಹುದು. ಇದು ಗಾಳಿ ಆಡುವ ಕಡೆ ಮಾಡೋ ಕೆಲಸ, ಪಕ್ಕದಲ್ಲಿ ಬೀಡಿ ಸಿಗರೇಟು ಬೇಡ.

ತಿಂಗಳುಗಟ್ಟಲೆ ಹಳೆಯ ವ್ಯಾಕ್ಸ್ ಆದರೆ ಸ್ವಲ್ಪ ಬಿಸಿ ಮಾಡಬೇಕಾಗುತ್ತೆ. ಕಾರ್ ವ್ಯಾಕ್ಸಿಗೆ ಹಾಕೋ ಕಾರ್ನೌಬಾ ಮೇಣ ಕರಗೋದು ಸುಮಾರು 82ರಿಂದ 86 ಡಿಗ್ರಿಗೆ. ಅಷ್ಟು ಬಿಸಿ ಬೇಕಿಲ್ಲ, ಮೆತ್ತಗಾದರೆ ಸಾಕು. ಮನೆಯ ಹೇರ್ ಡ್ರೈಯರ್ ಒಂದು ಗೇಣು ದೂರ ಹಿಡಿದು ಆಡಿಸುತ್ತಾ ಇರಿ, ಕೈ ತಾಳುವಷ್ಟು ಬೆಚ್ಚಗಾದ ಕೂಡಲೇ ಒರೆಸಿ. ಹೀಟ್ ಗನ್ ಮಾತ್ರ ತರಬೇಡಿ. ಅದರ ಗಾಳಿ ನೂರಾರು ಡಿಗ್ರಿ ಇರುತ್ತೆ. ಕ್ಲಾಡಿಂಗ್‌ಗೆ ಸಾಮಾನ್ಯವಾಗಿ ಬಳಸೋ ಪಾಲಿಪ್ರೊಪೈಲಿನ್ 160 ಡಿಗ್ರಿ ಆಸುಪಾಸಲ್ಲಿ ಕರಗುತ್ತೆ, ಅದಕ್ಕೂ ಮುಂಚೆಯೇ ಸೊಟ್ಟಗಾಗುತ್ತೆ.

ಪೀನಟ್ ಬಟರ್ ಹಚ್ಚಿದರೆ ಹೋಗುತ್ತೆ ಅನ್ನೋ ವಿಡಿಯೋ ನಿಜಾನಾ ಅಂತ ಕೇಳಿದ್ದೀರಿ. ನಿಜ. ಅಲ್ಲಿ ಕೆಲಸ ಮಾಡೋದು ಶೇಂಗಾದ ಎಣ್ಣೆ, ಮೇಣವನ್ನು ಅದು ಮೆತ್ತಗೆ ಮಾಡುತ್ತೆ. ಶೇಂಗಾ ಎಣ್ಣೆಗೆ ಹೆಸರಾದ ಚಳ್ಳಕೆರೆ ಪಕ್ಕದಲ್ಲೇ ಇಟ್ಟುಕೊಂಡು ನಾವು ಡಬ್ಬಿ ಪೀನಟ್ ಬಟರ್ ಯಾಕೆ ತರಬೇಕು ಹೇಳಿ. ನಾಲ್ಕು ಹನಿ ಶೇಂಗಾ ಎಣ್ಣೆ ಬ್ರಷ್‌ಗೆ ಹಾಕಿ ಉಜ್ಜಿ, ಐದು ನಿಮಿಷ ಬಿಡಿ, ಒರೆಸಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಎರಡು ಸಲ ತೊಳೆಯಲೇಬೇಕು. ಎಣ್ಣೆ ಹಚ್ಚಿದಾಗ ಪ್ಲಾಸ್ಟಿಕ್ ಹೊಸದರ ಹಾಗೆ ಕಪ್ಪಗೆ ಮಿಂಚುತ್ತೆ, ಹಾಗೇ ಬಿಡೋಣ ಅನ್ನಿಸುತ್ತೆ. ಬಿಡಬೇಡಿ. ಎರಡೇ ದಿನಕ್ಕೆ ಧೂಳೆಲ್ಲ ಅಂಟಿ ಕೆಸರು ಮೆತ್ತಿದ ಹಾಗಾಗುತ್ತೆ. ಕೊಬ್ಬರಿ ಎಣ್ಣೆಗೂ ಇದೇ ಮಾತು.

ಈಗ ಪೆಟ್ರೋಲ್ ವಿಷಯ. ಮೇಣ ಕರಗುತ್ತೆ, ಸುಳ್ಳಲ್ಲ. ಆದರೆ ನೀವು ಒರೆಸೋಕೆ ಮುಂಚೆ ಪೆಟ್ರೋಲ್ ಹಾರಿಹೋಗಿ ಮೇಣ ತೆಳ್ಳಗೆ ಎಲ್ಲಾ ಕಡೆ ಹರಡಿರುತ್ತೆ. ಬೀಡಿಂಗ್ ರಬ್ಬರ್‌ಗೆ ತಾಗಿದರೆ ಅದು ಉಬ್ಬುತ್ತೆ. ಬೆಂಕಿಯ ಅಪಾಯ ಬೇರೆ. ಥಿನ್ನರ್ ಇದಕ್ಕಿಂತ ಕೆಟ್ಟದ್ದು. ಕಪ್ಪಗೆ ಕಾಣೋದೆಲ್ಲ ಒಂದೇ ಪ್ಲಾಸ್ಟಿಕ್ ಅಲ್ಲ. ಪಾಲಿಪ್ರೊಪೈಲಿನ್ ತಡೆದುಕೊಳ್ಳಬಹುದು, ಎಬಿಎಸ್ ಅನ್ನೋ ಇನ್ನೊಂದು ಪ್ಲಾಸ್ಟಿಕ್ ತಡೆಯಲ್ಲ. ನನ್ನ ಹಳೆ ಕಾರಿನ ಕನ್ನಡಿ ಬುಡದಲ್ಲಿ ಹೀಗೇ ವ್ಯಾಕ್ಸ್ ಕೂತಿತ್ತು. ಬಟ್ಟೆಗೆ ಥಿನ್ನರ್ ಹಚ್ಚಿ ಎರಡೇ ಸಲ ಎಳೆದೆ. ಬೆರಳಿಟ್ಟರೆ ಅಂಟು ಅಂಟು. ಒಣಗಿದ ಮೇಲೆ ನೋಡಿದರೆ ಗುಳಿಗಳೇ ಇಲ್ಲ, ಎರಡು ಬೆರಳಗಲ ನುಣ್ಣಗೆ ಹೊಳೆಯುವ ಪಟ್ಟಿ. ಅದು ಮತ್ತೆ ಸರಿಹೋಗಲೇ ಇಲ್ಲ, ಆ ಭಾಗವನ್ನೇ ಬದಲಿಸಿದೆ. ಈಗಲೂ ಅದು ನೆನಪಾದರೆ ಹೊಟ್ಟೆ ಉರಿಯುತ್ತೆ. ಮ್ಯಾಜಿಕ್ ಸ್ಪಾಂಜ್, ಪಾತ್ರೆ ತಿಕ್ಕೋ ಸ್ಕ್ರಬ್ಬರ್ ಕೂಡ ಬೇಡ. ಅವು ಕಲೆಯ ಜೊತೆ ಪ್ಲಾಸ್ಟಿಕ್ ಮೇಲ್ಮೈಯನ್ನೂ ಸವೆಸುತ್ತವೆ.

ಟೈರ್ ಪಾಲಿಷ್ ಬಳಿದು ಮುಚ್ಚಿಬಿಡಿ ಅಂತಲೂ ಹೇಳೋರಿದ್ದಾರೆ. ಮುಚ್ಚುತ್ತೆ, ಎರಡು ಮಳೆ ಬರೋ ತನಕ. ಮೊದಲು ಪೂರ್ತಿ ತೆಗೆದು, ತೊಳೆದು, ಚೆನ್ನಾಗಿ ಒಣಗಿಸಿ. ಆಮೇಲೆ ಪ್ಲಾಸ್ಟಿಕ್‌ಗೆ ಅಂತಲೇ ಬರೋ, ನೀರಿನಲ್ಲಿ ಮಾಡಿದ ಟ್ರಿಮ್ ಡ್ರೆಸಿಂಗ್ ತೆಳ್ಳಗೆ ಹಚ್ಚಿ. ಮುಂದಿನ ಸಲ ಅದನ್ನೇ ವ್ಯಾಕ್ಸಿಗಿಂತ ಮುಂಚೆ ಹಚ್ಚಿದರೆ ಅಪ್ಪಿತಪ್ಪಿ ತಾಗಿದ ವ್ಯಾಕ್ಸ್ ಸುಲಭವಾಗಿ ಒರೆಸಿಕೊಂಡು ಬರುತ್ತೆ. ಜೊತೆಗೆ ಒಂದು ಇಂಚಿನ ಮಾಸ್ಕಿಂಗ್ ಟೇಪ್ ಸುತ್ತಿ. ಹತ್ತು ನಿಮಿಷದ ಕೆಲಸ ಅಷ್ಟೇ. ಟೇಪ್ ಮಾತ್ರ ಬಿಸಿಲಲ್ಲಿ ಬಿಡಬೇಡಿ, ಅಂಟು ಉಳಿದುಬಿಡುತ್ತೆ.

ಒಂದು ಜಾಗ ನಿಮ್ಮ ಫೋಟೋದಲ್ಲಿ ಇಲ್ಲ, ಹೋಗಿ ನೋಡಿ. ಮುಂದಿನ ಗಾಜಿನ ಬುಡದಲ್ಲಿ ವೈಪರ್ ಕೂರೋ ಕಪ್ಪು ಜಾಲರಿ. ಬಾನೆಟ್ ಒರೆಸುವಾಗ ಅಲ್ಲಿಗೂ ವ್ಯಾಕ್ಸ್ ತಾಗಿರುತ್ತೆ, ಬಾನೆಟ್ ಎತ್ತಿದರೇನೇ ಸರಿಯಾಗಿ ಕಾಣೋದು. ಅಲ್ಲಿ ಬ್ರಷ್ ಹಿಡಿಯಲ್ಲ, ಕಿವಿಗೆ ಹಾಕೋ ಹತ್ತಿಯ ಇಯರ್ ಬಡ್ ಅದೇ ಐಪಿಎ ನೀರಲ್ಲಿ ಅದ್ದಿ ಒಂದೊಂದೇ ಸಂದಿ ಒರೆಸಿ.