2 ರೂಪಾಯಿ ನಾಣ್ಯ ತಾಮ್ರದ ಬಣ್ಣದಲ್ಲಿದೆ, 3 ಲಕ್ಷ ಸಿಗುತ್ತಾ?

ಮೊದಲು ಆ ನೋಂದಣಿ ಶುಲ್ಕ ಕಟ್ಟಬೇಡಿ. 2012ರ 2 ರೂಪಾಯಿ ನಾಣ್ಯ ಕೆಂಪಗಿದೆ, ವಾಟ್ಸಾಪ್‌ನಲ್ಲಿ ಯಾರೋ 3 ಲಕ್ಷ ಕೊಡ್ತೀನಿ ಅಂತಿದ್ದಾರೆ, ಅದಕ್ಕೆ ಮುಂಚೆ 2,500 ಕಟ್ಟಬೇಕಂತೆ, ಈ ಬಣ್ಣಕ್ಕೆ ಇದು ಸರಿಯಾದ ಬೆಲೆಯಾ, ಈಗ ಮಾರಲಾ ಇಲ್ಲಾ ಇಟ್ಟುಕೊಳ್ಳಲಾ ಅಂತ ಕೇಳಿದ್ದೀರಿ. ಮಾರೋದು, ಇಟ್ಟುಕೊಳ್ಳೋದು ಆಮೇಲಿನ ಮಾತು. ಅದು ಎರರ್ ನಾಣ್ಯ, ಅಂದರೆ ಟಂಕಸಾಲೆಯಲ್ಲೇ ತಪ್ಪಾಗಿ ಅಚ್ಚಾದ ನಾಣ್ಯ, ಹೌದೋ ಅಲ್ಲವೋ ಅನ್ನೋದೇ ಇನ್ನೂ ಗೊತ್ತಿಲ್ಲ ಅಲ್ವಾ? ನನಗೂ ಹೀಗೇ ಆಗಿತ್ತು. ನಿಮ್ಮದು ಕೆಂಪು, ನನ್ನದು ಹಳದಿ.

ನಮ್ಮದು ದಾವಣಗೆರೆ. ದುಗ್ಗಮ್ಮನ ಜಾತ್ರೆ ಸಮಯದಲ್ಲಿ ಒಬ್ಬರು ರಸ್ತೆ ಬದಿ ಬಟ್ಟೆ ಹಾಸಿ ಹಳೇ ನಾಣ್ಯ ಹರಡಿಕೊಂಡು ಕೂತಿದ್ದರು. ಅದರಲ್ಲಿ ಒಂದು 2 ರೂಪಾಯಿ ಪಕ್ಕಾ ಹಳದಿ, ಈಗಿನ 5 ರೂಪಾಯಿ ನಾಣ್ಯದ್ದೇ ಬಣ್ಣ. "5 ರೂಪಾಯಿ ಬಿಲ್ಲೆ ತಪ್ಪಿ 2 ರೂಪಾಯಿ ಅಚ್ಚಿಗೆ ಹೋಗಿಬಿಟ್ಟಿದೆ ಸರ್, ಇಡೀ ಜಿಲ್ಲೆಗೆ ಇದೊಂದೇ" ಅಂದರು. ಬಿಲ್ಲೆ ಅಂದರೆ ಇನ್ನೂ ಅಚ್ಚು ಬೀಳದ ಖಾಲಿ ಲೋಹದ ತುಂಡು. ಬೇರೆ ಲೋಹದ ಬಿಲ್ಲೆ ಮೇಲೆ ಅಚ್ಚಾದ ನಾಣ್ಯಕ್ಕೆ ಒಳ್ಳೇ ಬೆಲೆ ಇದೆ ಅಂತ ನಾನು ಓದಿದ್ದೆ. ಹಾಗಾಗಿ ಅವರ ಮಾತು ನಂಬಿಕೆ ಬರುವಂತೆಯೇ ಇತ್ತು. ಚೌಕಾಸಿ ಮಾಡಿ 6,500 ಕೊಟ್ಟು ತಂದೆ.

ಎಲ್ಲಿ ಎಡವಿದೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. 2011ರಿಂದ ರೂಪಾಯಿ ಚಿಹ್ನೆ ಹಾಕಿದ ನಾಣ್ಯಗಳು ಬಂದವು. ಅದರಲ್ಲಿ 2 ರೂಪಾಯಿಯದ್ದು ಫೆರಿಟಿಕ್ ಸ್ಟೇನ್‌ಲೆಸ್ ಸ್ಟೀಲ್, ಅಗಲ 25 ಮಿಲಿಮೀಟರ್, ತೂಕ 4.85 ಗ್ರಾಂ. ಈ ಜಾತಿಯ ಸ್ಟೀಲ್ ಅಯಸ್ಕಾಂತಕ್ಕೆ ಅಂಟುತ್ತದೆ. 5 ರೂಪಾಯಿಯದ್ದು ನಿಕಲ್ ಸೇರಿದ ಹಿತ್ತಾಳೆ, ಅಗಲ 23 ಮಿಲಿಮೀಟರ್, ತೂಕ 6 ಗ್ರಾಂ. ಅದು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಈಗ ನೀವೇ ಯೋಚನೆ ಮಾಡಿ. 23 ಮಿಲಿಮೀಟರ್ ಬಿಲ್ಲೆ 25 ಮಿಲಿಮೀಟರಿನ ಅಚ್ಚಿನೊಳಗೆ ಬಿದ್ದರೆ ಸುತ್ತ ಜಾಗ ಉಳಿಯುತ್ತದೆ. ಒತ್ತಡಕ್ಕೆ ಸ್ವಲ್ಪ ಹರಡಬಹುದು, ಆದರೂ ಅಚ್ಚಿನ ಅಂಚಿನಲ್ಲಿರುವುದೆಲ್ಲ ಬಿಲ್ಲೆ ಮೇಲೆ ಪೂರ್ತಿ ಮೂಡುವುದು ಕಷ್ಟ. ಒಂದು ಕಡೆಯಾದರೂ ಏಣು, ಅಂದರೆ ಅಂಚಿನ ಉಬ್ಬಿದ ಪಟ್ಟಿ, ಸರಿಯಾಗಿ ಬಂದಿರುವುದಿಲ್ಲ, ಅಕ್ಷರದ ತುದಿ ಹಾರಿರುತ್ತದೆ. ತೂಕ ಮಾತ್ರ ಹೆಚ್ಚುಕಮ್ಮಿ 6 ಗ್ರಾಂ ಇರಲೇಬೇಕು. ಲೋಹ ಎಲ್ಲಿಗೂ ಹೋಗಲ್ಲ.

ನನ್ನ ನಾಣ್ಯಕ್ಕೆ ಸುತ್ತಲೂ ಚಂದದ ಏಣಿತ್ತು. ಅಕ್ಷರ ಎಲ್ಲ ಪೂರ್ತಿ. ಬೇರೆ 2 ರೂಪಾಯಿ ಜೊತೆ ಜೋಡಿಸಿ ಹಿಡಿದರೆ ಒಂದೇ ಅಗಲ. ಅಂದರೆ ಜಾತ್ರೆಯಲ್ಲಿ ನಿಂತಲ್ಲೇ, ಜೇಬಿನಲ್ಲಿದ್ದ ಚಿಲ್ಲರೆ ಜೊತೆ ಹೋಲಿಸಿದ್ದರೆ ಸಾಕಿತ್ತು. ತಕ್ಕಡಿಯೂ ಬೇಕಿರಲಿಲ್ಲ. ಎಷ್ಟು ಅಂದವಾಗಿ ಅಚ್ಚಾಗಿದೆ ಅಂತ ಖುಷಿಪಟ್ಟೆ, ಅಷ್ಟು ಅಂದವಾಗಿರುವುದೇ ಅನುಮಾನಕ್ಕೆ ಕಾರಣ ಆಗಬೇಕಿತ್ತು. ಬಣ್ಣ ಒಂದನ್ನೇ ನೋಡಿದೆ, ಬೇರೇನೂ ನೋಡಲಿಲ್ಲ.

ಕೊನೆಗೆ ಸತ್ಯ ಹೇಳಿದವರು ಹಳೇ ಪೇಟೆಯಲ್ಲಿ ಒಡವೆಗೆ ಗಿಲೀಟು ಹಾಕುವ ಒಬ್ಬರು ಹಿರಿಯರು. ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ಏಣನ್ನು ನಿಧಾನಕ್ಕೆ ತಿರುಗಿಸಿದರು. ಒಂದು ಕಡೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಇತ್ತು. "ಇಲ್ಲಿ ತಂತಿ ಹಿಡಿದಿದೆ ನೋಡಪ್ಪ, ಅಲ್ಲಿ ನೀರು ಕೂತಿಲ್ಲ" ಅಂದರು. ಅಂದರೆ ಗಿಲೀಟು ಹಾಕುವಾಗ ತಂತಿ ತಾಗಿದ ಜಾಗಕ್ಕೆ ಬಣ್ಣ ಹತ್ತಿಲ್ಲ. ಸಿಂಹದ ತಲೆ ಮೇಲೆ, ಉಬ್ಬಿದ ಕಡೆಯೆಲ್ಲ ಹಳದಿ ಸವೆದು ಸ್ಟೀಲ್ ಇಣುಕುತ್ತಿತ್ತು. ಅಕ್ಷರದ ಸಂದಿಯಲ್ಲಿ ಮಾತ್ರ ಬಣ್ಣ ದಪ್ಪಗೆ ಕೂತಿತ್ತು. ಲೋಹವೇ ಬೇರೆ ಆಗಿದ್ದರೆ ಸವೆದರೂ ಒಳಗೆ ಅದೇ ಬಣ್ಣ ಇರಬೇಕು ತಾನೇ? ಒಡವೆ ತೂಗುವ ತಕ್ಕಡಿಯಲ್ಲಿ ಇಟ್ಟರು, 4.9 ಗ್ರಾಂ ಹತ್ತಿರ ಬಂತು. ಅಯಸ್ಕಾಂತ ಹಿಡಿದರೆ ಟಕ್ ಅಂತ ಅಂಟಿತು.

ನಿಮ್ಮ ಕೆಂಪು ನಾಣ್ಯದ ವಿಷಯ ಇನ್ನೂ ಸುಲಭ. ತಾಮ್ರದ ಬಣ್ಣ ಹಾಕೋಕೆ ಗಿಲೀಟು ಅಂಗಡಿಯೂ ಬೇಡ. ಚನ್ನಗಿರಿ ಕಡೆ ಅಡಿಕೆಗೆ ಕೊಳೆರೋಗ ಬಂದರೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹಾಕುತ್ತಾರಲ್ಲ ಮೈಲುತುತ್ತ, ಅದು ತಾಮ್ರದ ಉಪ್ಪು. ಅದನ್ನು ಕರಗಿಸಿದ ನೀರಲ್ಲಿ ನಾಣ್ಯ ಇಳಿಬಿಟ್ಟು ಬ್ಯಾಟರಿ ಕೊಟ್ಟರೆ ತಾಮ್ರ ಬಂದು ಕೂರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಮೇಲೆ ಅದು ಗಟ್ಟಿಯಾಗಿ ಹಿಡಿಯುವುದಿಲ್ಲ, ಅಲ್ಲಲ್ಲಿ ಹೊಪ್ಪಳೆ ಏಳುತ್ತದೆ. ಇನ್ನು ದೇವಸ್ಥಾನದ ಹುಂಡಿಯಲ್ಲಿ, ಕುಂಕುಮದ ಬಟ್ಟಲಲ್ಲಿ ವರ್ಷಗಟ್ಟಲೆ ಬಿದ್ದಿದ್ದ ನಾಣ್ಯವೂ ಕೆಂಪಾಗುತ್ತದೆ. ಅದರಲ್ಲಿ ಮೋಸ ಇಲ್ಲ, ಬೆಲೆಯೂ ಇಲ್ಲ. ತಾಮ್ರ, ನಿಕಲ್ ಬೆರೆಸಿದ ಹಳೇ ಕುಪ್ರೋನಿಕಲ್ ನಾಣ್ಯಗಳಲ್ಲಿ ಬಿಲ್ಲೆ ಕಾಯಿಸುವಾಗ ಹೆಚ್ಚುಕಮ್ಮಿಯಾಗಿ ಮೇಲೆ ತಾಮ್ರದ ಛಾಯೆ ಬರುವುದುಂಟು, ಅದು ನಿಜವಾದ ಎರರ್. ಆದರೆ ಅದರಲ್ಲಿ ತಾಮ್ರ ಮೊದಲೇ ಇರುತ್ತದೆ. ನಿಮ್ಮದು ಸ್ಟೀಲ್.

ಅಮೆರಿಕದಲ್ಲೂ ಇದೇ ಕಥೆ. ಯುದ್ಧಕ್ಕೆ ತಾಮ್ರ ಬೇಕು ಅಂತ 1943ರಲ್ಲಿ ಅವರು 1 ಸೆಂಟ್ ನಾಣ್ಯವನ್ನು ಸತು ಲೇಪಿಸಿದ ಉಕ್ಕಿನಲ್ಲಿ ಅಚ್ಚು ಹಾಕಿದರು. ಹಿಂದಿನ ವರ್ಷದ ಕೆಲವು ಕಂಚಿನ ಬಿಲ್ಲೆ ಉಳಿದುಕೊಂಡು ಅದರ ಮೇಲೂ 1943 ಅಂತ ಬಿತ್ತು. ಆ ಕಂಚಿನ ಸೆಂಟ್ ಭಾರೀ ಬೆಲೆಗೆ ಹೋಗುತ್ತದೆ. ಹಾಗಾಗಿ ಉಕ್ಕಿನ ಸೆಂಟ್‌ಗೆ ತಾಮ್ರ ಬಳಿದು ಮಾರುವವರಿಗೂ ಕೊರತೆ ಇಲ್ಲ. ಅಲ್ಲಿನವರು ಬಣ್ಣ ನೋಡುತ್ತಾ ಕೂರುವುದಿಲ್ಲ. ಮೊದಲು ಅಯಸ್ಕಾಂತ, ಆಮೇಲೆ ತೂಕ. ಉಕ್ಕಿನದ್ದು ಸುಮಾರು 2.7 ಗ್ರಾಂ, ಕಂಚಿನದ್ದು 3.11.

ಹಾಗಂತ ಬಣ್ಣಕ್ಕೆ ಬೆಲೆಯೇ ಇಲ್ಲ ಅಂತಲ್ಲ. ನಿಜವಾದ ತಾಮ್ರ, ಕಂಚಿನ ನಾಣ್ಯದಲ್ಲಿ ಇದೆ. ಪಿಸಿಜಿಎಸ್, ಎನ್‌ಜಿಸಿಯಂಥ ನಾಣ್ಯ ಪರೀಕ್ಷಿಸುವ ಸಂಸ್ಥೆಗಳು ಅಂಥ ನಾಣ್ಯಕ್ಕೆ ರೆಡ್, ರೆಡ್ ಬ್ರೌನ್, ಬ್ರೌನ್ ಅಂತ ಮೂರು ದರ್ಜೆ ಕೊಡುತ್ತವೆ. ಅಚ್ಚಾದಾಗಿನ ಕೆಂಪು ಶೇಕಡಾ 95ರಷ್ಟಾದರೂ ಉಳಿದಿದ್ದರೆ ರೆಡ್, 5ಕ್ಕಿಂತ ಕಮ್ಮಿ ಆದರೆ ಬ್ರೌನ್, ಮಧ್ಯದ್ದೆಲ್ಲ ರೆಡ್ ಬ್ರೌನ್. 1955ರ ಅಮೆರಿಕದ ಸೆಂಟ್‌ನಲ್ಲಿ ಇಸವಿಯೂ ಅಕ್ಷರವೂ ಜೋಡಿಯಾಗಿ ಮೂಡಿದ ಪ್ರಸಿದ್ಧ ಎರರ್ ಇದೆ. ತಪ್ಪು ಒಂದೇ ಆದರೂ ರೆಡ್ ನಾಣ್ಯಕ್ಕೂ ಬ್ರೌನ್ ನಾಣ್ಯಕ್ಕೂ ಬೆಲೆ ಬೇರೆ ಬೇರೆ. ನಮ್ಮಲ್ಲಿ ಕಾಲಾಣೆ, 1957ರಲ್ಲಿ ಬಂದ ಕಂಚಿನ 1 ನಯಾ ಪೈಸೆಗೆ ಈ ಲೆಕ್ಕ ಹಿಡಿಯಬಹುದು. ಅಂಥದ್ದು ಮನೆಯಲ್ಲಿದ್ದರೆ ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಹಬ್ಬಕ್ಕೆ ತಾಮ್ರದ ಬಿಂದಿಗೆ ಬೆಳಗುವ ಹಾಗೆ ಬೆಳಗಿದರೆ ನಾಣ್ಯ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹುಳಿ ಮೇಲಿನ ಪದರ ತಿಂದುಹಾಕಿರುತ್ತದೆ, ಓರೆ ಮಾಡಿ ಹಿಡಿದಾಗ ಸುತ್ತುವ ಹೊಳಪು ಮತ್ತೆ ಬರಲ್ಲ. ನನ್ನನ್ನು ಕೇಳಿದರೆ ಮುಟ್ಟದ ಕಂದು ನಾಣ್ಯವೇ ಮೇಲು.

ಬೆಲೆ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಎರರ್ ನಾಣ್ಯದ ಬೆಲೆ ಬರುವುದು ಆ ತಪ್ಪು ಎಷ್ಟು ಅಪರೂಪ, ಬರಿಗಣ್ಣಿಗೆ ಎಷ್ಟು ಎದ್ದು ಕಾಣುತ್ತದೆ ಅನ್ನೋದರಿಂದ. ಅಚ್ಚು ಅರ್ಧಕ್ಕರ್ಧ ಪಕ್ಕಕ್ಕೆ ಸರಿದು ಇಸವಿ ಮಾತ್ರ ಉಳಿದಿದ್ದರೆ ಕೊಳ್ಳುವವರು ಇದ್ದಾರೆ. ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡು, ಮುಂದಿನದರ ಮೇಲೆ ಅದೇ ಚಿತ್ರ ತಿರುಗುಮುರುಗಾಗಿ ತಗ್ಗಾಗಿ ಒತ್ತಿರುತ್ತದಲ್ಲ, ವ್ಯಾಪಾರಿಗಳು ಲಖಿ ಅನ್ನುವುದು, ಅದಕ್ಕೂ ಬೇಡಿಕೆ ಇದೆ. ಕೂದಲೆಳೆಯಂಥ ಅಚ್ಚಿನ ಬಿರುಕಿಗೆ ನಾನಂತೂ ನೂರು ರೂಪಾಯಿ ಮೇಲೆ ಕೊಡಲ್ಲ. ಬಣ್ಣದಿಂದಲೇ ಬೆಲೆ ಅನ್ನೋದಾದರೆ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ಸಾತವಾಹನರ ಕಾಲದ ಸೀಸದ ನಾಣ್ಯಗಳನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಯೂಟ್ಯೂಬ್‌ನಲ್ಲಿ ಹೇಳುವ ಲಕ್ಷ ಬಿಡಿ. ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋಯಿತು ಅನ್ನೋದನ್ನು ನೋಡಿ. ತೋಡಿವಾಲಾ, ಮರುಧರ್ ಆರ್ಟ್ಸ್‌ನಂಥ ಹರಾಜು ಸಂಸ್ಥೆಗಳು ಕ್ಯಾಟಲಾಗ್ ತರುತ್ತವೆ.

ಇನ್ನು ಆ ವಾಟ್ಸಾಪ್ ವ್ಯಕ್ತಿ. ಹಳೇ ನಾಣ್ಯ, ನೋಟು ಕೊಳ್ಳುತ್ತೇವೆ ಅಂತ ತನ್ನ ಹೆಸರು ಹೇಳಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಕೊಟ್ಟಿದೆ. ಕೊಳ್ಳುವವರು ದುಡ್ಡು ಕೊಡಬೇಕು, ಕೇಳಬಾರದು. ನಂಬರ್ ಬ್ಲಾಕ್ ಮಾಡಿ. ಈಗಾಗಲೇ ಕಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಆಮೇಲೆ ಪರಿಚಯದ ಅಕ್ಕಸಾಲಿಗರ ಹತ್ತಿರ ಹೋಗಿ ತೂಕ ಹಾಕಿಸಿ, ಅಯಸ್ಕಾಂತ ಹಿಡಿದು ನೋಡಿ. ಅಂಟಿ, ತೂಕವೂ 4.85ರ ಆಸುಪಾಸು ಬಂದರೆ ಅದು 2 ರೂಪಾಯಿ, ಅಷ್ಟೇ. ಅಂಟಲಿಲ್ಲ ಅಂದರೆ, ತೂಕದಲ್ಲೂ ಅರ್ಧ ಗ್ರಾಂ ಮೇಲೆ ವ್ಯತ್ಯಾಸ ಬಂದರೆ, ಯಾರಿಗೂ ಮಾರಬೇಡಿ, ತೊಳೆಯಲೂಬೇಡಿ. ಹಗಲು ಬೆಳಕಿನಲ್ಲಿ ಎರಡೂ ಮುಖ, ಸುತ್ತಲ ಏಣು, ಪಕ್ಕದಲ್ಲಿ ಮಾಮೂಲಿ 2 ರೂಪಾಯಿ ಇಟ್ಟು ಫೋಟೋ ತೆಗೆದು ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.