ಖಜಾಂಚಿ ಫ್ಯಾನಿನ ಕೆಳಗೆ, ನೀವು ವೆಸ್ಟ್ರಿಯಲ್ಲಿ

ಪ್ರಿಯ ಸಹೋದರಿ,

ಕರಾವಳಿಯ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿನ ಸಭೆಯಲ್ಲಿ ನೀವು ಒಂಬತ್ತು ವರ್ಷದಿಂದ ಕಾರ್ಯದರ್ಶಿ. ಮೇಲೆ ಸಂಡೇ ಸ್ಕೂಲು, ಗಾಯನ ಮಂಡಳಿ, ಬೆಳೆ ಹಬ್ಬದ ಏಲಂ ಲೆಕ್ಕ. ವಾರವಿಡೀ ಶಾಲೆಯಲ್ಲಿ ಪಾಠ. ಈಗ ಶನಿವಾರ ಸಂಜೆಯಾದರೆ ಎದೆ ಭಾರ, ರಾತ್ರಿ 3ಕ್ಕೆ ಎಚ್ಚರ, ಚರ್ಚಿನ ಗಂಟೆ ಕೇಳಿದರೆ ಸಿಟ್ಟು. ‘ಸೇವೆಯಲ್ಲಿ ಬೇಸರ ಬರುವುದು ಪಾಪವೇ?’ ಎಂದು ಕೇಳಿದ್ದೀರಿ. ಅಲ್ಲ. ಆದರೆ ನಿದ್ದೆ ಹೀಗೇ ಕೆಡುತ್ತಿದ್ದರೆ ವೈದ್ಯರಿಗೆ ತೋರಿಸಿ, ಪ್ರಾರ್ಥನೆ ಕೂಟದಲ್ಲಿ ಹೇಳಿಕೊಂಡರೆ ಸಾಲದು.

ಮೂರು ಪುಟದ ಪತ್ರದಲ್ಲಿ ಒಂದು ಸಾಲನ್ನು ಮಾತ್ರ ಆವರಣದೊಳಗೆ ಬರೆದು ದಾಟಿಬಿಟ್ಟಿದ್ದೀರಿ: ‘ಕರ್ತನ ಭೋಜನದ ಹೊತ್ತಿಗೆ ನಾನು ವೆಸ್ಟ್ರಿಯಲ್ಲಿ ಕಾಣಿಕೆ ಎಣಿಸುತ್ತಿರುತ್ತೇನೆ, ಬೆಳೆ ಹಬ್ಬದಿಂದೀಚೆ ತೆಗೆದುಕೊಂಡಿಲ್ಲ ಅನ್ನಿಸುತ್ತದೆ.’ ಗೋಡೆಯಾಚೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆ ಸಂಸ್ಕಾರ, ಹಾಡು. ಈಚೆ ಚರ್ಚಿಗೆ ಸೇರಿದ ಆ ಪುಟ್ಟ ಕೋಣೆಯಲ್ಲಿ ನೀವು, ಹತ್ತರ ನೋಟಿನ ಕಟ್ಟು, ರಬ್ಬರ್ ಬ್ಯಾಂಡು, ಚಿಲ್ಲರೆ. ನನ್ನ ನಿದ್ದೆ ಕೆಡಿಸಿದ್ದು ಈ ಸಾಲು.

ಎಣಿಸಬೇಕಾದವರು ಖಜಾಂಚಿ ಅಲ್ಲವೇ? ಒಳಗೆ ಸೆಕೆಯೆಂದು ಅವರು ಹೆಂಡತಿ ಮಕ್ಕಳ ಜೊತೆ ಫ್ಯಾನಿನ ಕೆಳಗೆ ಕೂರುತ್ತಾರಂತೆ. ‘ಪಾಪ, ವಯಸ್ಸಾಗಿದೆ’ ಎಂದು ಅವರ ಪರ ವಾದವನ್ನೂ ನೀವೇ ಮಾಡಿದ್ದೀರಿ! ಹುದ್ದೆ ಬಿಡುವಷ್ಟು ವಯಸ್ಸೇನೂ ಆಗಿಲ್ಲ, ನೋಡಿ.

ಸಭಾಪಾಲಕರ (ಪಾದ್ರಿಗಳ) ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಮೂವರು ಬಂದು ಹೋದರು. ರಿಜಿಸ್ಟರ್ ಎಲ್ಲಿದೆ, ಯಾವ ಎರಡು ಮನೆಯವರಿಗೆ ಮಾತಿಲ್ಲ ಎಂದು ಮೂವರಿಗೂ ಹೇಳಿಕೊಟ್ಟವರು ನೀವು. ಬಿಷಪ್ಪರ ಆದೇಶ ಬಂದರೆ ಅವರಿಗೆ ವರ್ಗ. ನಿಮ್ಮ ಕೆಲಸಕ್ಕೆ ವರ್ಗವೇ ಇಲ್ಲ. ಈಗಿನವರು ‘ಈ ಅಕ್ಕ ಇಲ್ಲದಿದ್ದರೆ ಸಭೆಯೇ ಇಲ್ಲ’ ಎಂದು ವೇದಿಕೆಯಿಂದ ಹೇಳುತ್ತಾರಂತೆ. ಹೊಗಳಿಕೆ ಬಂದ ಕಡೆ ಕೆಲಸ ಹಂಚಿಕೆ ಆಗುವುದಿಲ್ಲ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ. ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ, ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಮೋಶೆಯನ್ನು ಮಾವ ಇತ್ರೋ ಹೊಗಳಲಿಲ್ಲ. ಹೀಗೆ ಮಾಡಿದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ, ಹತ್ತು ಜನಕ್ಕೊಬ್ಬ, ಐವತ್ತಕ್ಕೊಬ್ಬ ಎಂದು ನೇಮಿಸು ಎಂದ.

ರಾಜೀನಾಮೆಯ ವಿಷಯ ಆಮೇಲೆ. ಮುಂದಿನ ಸಂಸ್ಕಾರದ ಭಾನುವಾರ ಕಾಣಿಕೆ ಚೀಲವನ್ನೂ ವೆಸ್ಟ್ರಿಯ ಬೀಗದ ಕೈಯನ್ನೂ ಖಜಾಂಚಿಯ ಕೈಗಿಟ್ಟು ಮಗಳ ಪಕ್ಕ ಹೋಗಿ ಕೂತುಬಿಡಿ. ಕಾರಣ ಹೇಳಬೇಡಿ. ಮೊಣಕಾಲೂರಿ ಕೈ ಚಾಚುವಾಗ ನಿಮ್ಮ ಬೆರಳಿಗೆ ನೋಟಿನ ಕಮಟು ವಾಸನೆ ಇರಕೂಡದು.