ಬೀದಿಯವರೆಲ್ಲ ಒಂದೇ ಮ್ಯಾಚ್ ನೋಡುವಾಗ ಫೈಬರ್‌ನಲ್ಲಿ ವಿಡಿಯೋ ಎಷ್ಟು ಸಲ ಹೋಗುತ್ತದೆ?

ಬೀದಿಯ 32 ಮನೆಗಳಿಗೆ ಒಂದೇ ಫೈಬರ್ ಬಂದಿದೆ, ಎಲ್ಲರೂ ಅದೇ ಕ್ರಿಕೆಟ್ ಮ್ಯಾಚ್ ನೋಡುತ್ತಿದ್ದಾರೆ, ವಿಡಿಯೋ 32 ಸಲ ಹೋಗುತ್ತದಾ ಇಲ್ಲ ಒಂದೇ ಸಲವಾ ಅಂತ ಕೇಳಿದ್ದೀರಿ. ಎಲ್ಲಿ ನೋಡುತ್ತಿದ್ದಾರೆ ಅನ್ನುವುದರ ಮೇಲಿದೆ. ಮೊಬೈಲ್ ಆ್ಯಪ್‌ನಲ್ಲಾದರೆ ಸಾಮಾನ್ಯವಾಗಿ 32 ಸಲ. ಫೈಬರ್ ಕಂಪನಿಯವರದೇ ಐಪಿಟಿವಿ ಬಾಕ್ಸ್‌ನಲ್ಲಾದರೆ (ಇಂಟರ್ನೆಟ್ ಲೈನ್‌ನಲ್ಲೇ ಟಿವಿ ಚಾನೆಲ್ ತೋರಿಸುವ ಬಾಕ್ಸ್) ಒಂದೇ ಸಲ. ಈ ಎರಡನೆಯದೇ ಮಲ್ಟಿಕಾಸ್ಟ್.

ನಾನು ಫೈಬರ್ ಕೆಲಸದಲ್ಲೇ ಇರುವವನು. ಇದರಲ್ಲಿ ನನಗೆ ತುಂಬಾ ಇಷ್ಟವಾಗುವುದು ಸ್ಪ್ಲಿಟರ್. ಜಿಪಾನ್ ಅಂದರೆ ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ನೆಟ್‌ವರ್ಕ್. ಅದರಲ್ಲಿ ಎಕ್ಸ್‌ಚೇಂಜ್‌ನಲ್ಲಿರುವ ಓಎಲ್‌ಟಿ ಅನ್ನುವ ಕಂಪನಿಯ ಪೆಟ್ಟಿಗೆಯಿಂದ 1490 ನ್ಯಾನೋಮೀಟರ್ ಬೆಳಕು, ಸುಮಾರು 2.5 ಜಿಬಿಪಿಎಸ್ ವೇಗದಲ್ಲಿ ಹೊರಡುತ್ತದೆ. ದಾರಿಯಲ್ಲಿರುವ ಸ್ಪ್ಲಿಟರ್ ಅದನ್ನು 32 ಪಾಲು ಮಾಡುತ್ತದೆ. ಅದಕ್ಕೆ ಕರೆಂಟೂ ಬೇಡ, ಸಾಫ್ಟ್‌ವೇರೂ ಬೇಡ. ಅಂದರೆ ನಿಮ್ಮ ಪಕ್ಕದ ಮನೆಯವರ ಡೇಟಾ ಕೂಡ ನಿಮ್ಮ ಮನೆಯ ಫೈಬರ್ ಪೆಟ್ಟಿಗೆ ಓಎನ್‌ಟಿವರೆಗೆ ಬಂದೇ ಬರುತ್ತದೆ, ಅದು ನಿಮ್ಮದಲ್ಲ ಅಂತ ನೋಡಿ ಓಎನ್‌ಟಿ ಬಿಟ್ಟುಬಿಡುತ್ತದೆ ಅಷ್ಟೆ (ಭಯ ಬೇಡ, ಒಬ್ಬೊಬ್ಬರ ಡೇಟಾವನ್ನು ಬೇರೆ ಬೇರೆ ಕೀಯಿಂದ ಎನ್‌ಕ್ರಿಪ್ಟ್ ಮಾಡುವ ವ್ಯವಸ್ಥೆ ಇದೆ). ಚಾನೆಲ್ ವಿಡಿಯೋವನ್ನು ಎಲ್ಲರೂ ಎತ್ತಿಕೊಳ್ಳಬಹುದಾದ ಗುರುತು ಹಾಕಿ ಒಮ್ಮೆ ಕಳಿಸಿದರೆ ಸಾಕು. ನೀವು ರಿಮೋಟ್ ಒತ್ತಿದಾಗ ಬಾಕ್ಸ್ ಐಜಿಎಂಪಿ ಅನ್ನುವ ಪ್ರೋಟೋಕಾಲ್‌ನಲ್ಲಿ "ಈ ಚಾನೆಲ್‌ಗೆ ನನ್ನನ್ನೂ ಸೇರಿಸು" ಅಂತ ಕೇಳುತ್ತದೆ. ಬೀದಿಯಲ್ಲಿ ಆಗಲೇ ಯಾರೋ ನೋಡುತ್ತಿದ್ದರೆ ಓಎಲ್‌ಟಿ ಹೊಸದಾಗಿ ಏನೂ ಕಳಿಸಬೇಕಿಲ್ಲ.

ಎಷ್ಟು ಉಳಿತಾಯ? ಎಚ್‌ಡಿ ಚಾನೆಲ್ ಒಂದಕ್ಕೆ 8 ಎಂಬಿಪಿಎಸ್ ಅಂದುಕೊಳ್ಳಿ. 32 ಮನೆಗೆ ಬೇರೆ ಬೇರೆ ಕಳಿಸಿದರೆ 256 ಎಂಬಿಪಿಎಸ್, ಇದನ್ನು ಜಿಪಾನ್ ಹೇಗೋ ತಡೆದುಕೊಳ್ಳುತ್ತದೆ. ನಿಜವಾದ ಒತ್ತಡ ಬೀಳುವುದು ಓಎಲ್‌ಟಿಗೆ ವಿಡಿಯೋ ತರುವ ಹಿಂದಿನ ಲಿಂಕ್ ಮೇಲೆ. ಒಂದು ಓಎಲ್‌ಟಿ ಕೆಳಗೆ ಸಾವಿರ ಮನೆ ಇದ್ದರೆ 8 ಜಿಬಿಪಿಎಸ್ ಬೇಕು, ಮಲ್ಟಿಕಾಸ್ಟ್ ಇದ್ದರೆ ಅದೇ 8 ಎಂಬಿಪಿಎಸ್.

ಆದರೆ ಬೆಳಕನ್ನು ಹಂಚುವುದು ಪುಕ್ಕಟೆ ಅಲ್ಲ. ಪ್ರತಿ ಸಲ ಎರಡು ಪಾಲು ಮಾಡಿದಾಗ ಶಕ್ತಿ ಅರ್ಧ, ಅಂದರೆ 3 ಡಿಬಿ (ಡೆಸಿಬೆಲ್, ಬೆಳಕಿನ ನಷ್ಟ ಅಳೆಯುವ ಮಾನ) ಹೋಯಿತು. 32 ಪಾಲಿಗೆ ಹೀಗೆ ಐದು ಸಲ ಹಂಚಬೇಕು, ಲೆಕ್ಕದಲ್ಲಿ 15 ಡಿಬಿ, ನಿಜದಲ್ಲಿ 17ರ ಆಸುಪಾಸು. ಜಿಪಾನ್‌ನಲ್ಲಿ ಜಾಸ್ತಿ ಬಳಸುವ ಬಿ ಪ್ಲಸ್ ಅನ್ನುವ ದರ್ಜೆಯ ಉಪಕರಣದಲ್ಲಿ ಒಟ್ಟು ಕಳೆದುಕೊಳ್ಳಬಹುದಾದದ್ದೇ 28 ಡಿಬಿ, ಅದರಲ್ಲೇ ಕೇಬಲ್ಲು, ಕನೆಕ್ಟರು, ಜಾಯಿಂಟು ಎಲ್ಲಾ ಬರಬೇಕು. ಊರಿಂದ ಊರಿಗೆ ಹೋಗುವ ಡಬ್ಲ್ಯುಡಿಎಂ (ಒಂದೇ ಫೈಬರ್‌ನಲ್ಲಿ ಹಲವು ಬಣ್ಣದ ಬೆಳಕು ಕಳಿಸುವ) ಲೈನ್‌ಗಳಲ್ಲೂ ನಡುವಿನ ನೋಡ್‌ಗಳಲ್ಲಿ ಸ್ಪ್ಲಿಟರ್ ಇಟ್ಟು, ಒಂದೇ ಬಣ್ಣದ ಬೆಳಕನ್ನು ಮರದ ಹಾಗೆ ಕವಲು ಒಡೆಸುವ ಯೋಚನೆ ಇದೆ. ಅದಕ್ಕೆ ಲೈಟ್ ಟ್ರೀ ಅನ್ನುತ್ತಾರೆ, 1990ರ ದಶಕದ ಕೊನೆಯಿಂದ ಅದರ ಮೇಲೆ ಬಹಳ ಸಂಶೋಧನೆ ನಡೆದಿದೆ. ಅಲ್ಲಿ ಕವಲು ಒಡೆದಾಗ ಆದ ನಷ್ಟಕ್ಕೆ ಆಂಪ್ಲಿಫೈಯರ್ ಬೇಕು, ಆಂಪ್ಲಿಫೈಯರ್ ಇಟ್ಟರೆ ನಾಯ್ಸ್ ಸೇರುತ್ತದೆ. ಅದಕ್ಕೇ ನನ್ನ ಪ್ರಕಾರ ದೂರದ ಲೈನ್‌ನಲ್ಲಿ ವಿಡಿಯೋದ ಪ್ರತಿ ಮಾಡುವ ಕೆಲಸ ರೂಟರ್‌ಗೇ ಸರಿ, ಬೀದಿಯಲ್ಲಿ ಮಾತ್ರ ಸ್ಪ್ಲಿಟರ್‌ನಷ್ಟು ಚೆನ್ನಾಗಿ ಇನ್ಯಾವುದೂ ಮಾಡುವುದಿಲ್ಲ.

ಆ್ಯಪ್‌ಗಳು ಮಲ್ಟಿಕಾಸ್ಟ್ ಯಾಕೆ ಬಳಸುವುದಿಲ್ಲ ಅಂದರೆ, ಅದು ಒಂದು ಫೈಬರ್ ಕಂಪನಿಯ ಸ್ವಂತ ನೆಟ್‌ವರ್ಕ್ ಒಳಗೆ ಮಾತ್ರ ಸರಿಯಾಗಿ ನಡೆಯುತ್ತದೆ. ಹೊರಗಿನ ಇಂಟರ್ನೆಟ್‌ನಲ್ಲಿ ದಾರಿಯ ಎಲ್ಲಾ ರೂಟರ್‌ಗಳೂ ಒಪ್ಪಬೇಕು, ಒಪ್ಪುವುದಿಲ್ಲ. ಜೊತೆಗೆ ಆ್ಯಪ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕ್ವಾಲಿಟಿ, ಒಬ್ಬರು ಹಿಂದಕ್ಕೆ ಓಡಿಸುತ್ತಾರೆ, ಇನ್ನೊಬ್ಬರು ನಿಲ್ಲಿಸುತ್ತಾರೆ, ಅಲ್ವಾ?

ನಿಮ್ಮ ಮನೆಯಲ್ಲಿ ಐಪಿಟಿವಿ ಚಿತ್ರ ಒಡೆಯುತ್ತಿದ್ದರೆ ಸುಮ್ನೆ ಫೈಬರ್ ಬೈಯಬೇಡಿ. ವೈಫೈಯಲ್ಲಿ ಮಲ್ಟಿಕಾಸ್ಟ್ ಸಾಮಾನ್ಯವಾಗಿ ಕಡಿಮೆ ವೇಗದಲ್ಲಿ ಹೋಗುತ್ತದೆ, ಕಳೆದ ಪ್ಯಾಕೆಟ್ ಮತ್ತೆ ಬರುವುದಿಲ್ಲ. ಬಾಕ್ಸ್‌ಗೆ ಒಂದು ಲ್ಯಾನ್ ಕೇಬಲ್ ಎಳೆದು ನೋಡಿ, ರೂಟರ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ (ಕೇಳಿದ ಸಾಧನಕ್ಕೆ ಮಾತ್ರ ಚಾನೆಲ್ ಕಳಿಸುವ ಸೆಟ್ಟಿಂಗ್) ಆನ್ ಇದೆಯಾ ಅಂತಲೂ ನೋಡಿ.